ವಿಷಯ: ಭವ್ಯಾಳ ಓದಿನ ಬಗ್ಗೆ

ಹೊಸನಗರ
9 ಜುಲೈ 2024

ಹೂವಯ್ಯನವರಿಗೆ,

ನಮಸ್ಕಾರ. ನಾನು ವನಮಾಲಾ. ಇಲ್ಲಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಹೋದ ವಾರ ನಿಮ್ಮ ತಾಯಿ ಗುತ್ಯಮ್ಮ ನಿಮ್ಮ ಮಗಳು ಭವ್ಯಾಳನ್ನು ಕರೆದುಕೊಂಡು ಬಂದಿದ್ದರು. "ಸಾಗರದ ವಸತಿ ಶಾಲೆ ಪರೀಕ್ಷೆಗೆ ಇವ್ಳಿಗೆ ಸ್ವಲ್ಪ ಹೇಳ್ಕೊಡಿ ಅಮ್ಮ, ನನ್ ಮಗಂಗೆ ಅದೊಂದೇ ಆಸೆ" ಎಂದರು. ಶನಿವಾರ, ಭಾನುವಾರ ಕಳಿಸಿ ಎಂದಿದ್ದೇನೆ. ನನ್ನ ಮನೆಯಲ್ಲಿ ಗುಂಪು ಪಾಠ ಇಲ್ಲ. ಒಬ್ಬರಿಗೆ ಒಬ್ಬಳೇ.

ಗುತ್ಯಮ್ಮ ನಿಮ್ಮ ಫೋನ್ ನಂಬರ್ ಕೊಟ್ಟರು. ಆದರೆ ನಾನು ಫೋನ್ ಮಾಡುವವಳಲ್ಲ, ವಾಟ್ಸಾಪ್ ಅಂತೂ ಇಟ್ಟುಕೊಂಡೇ ಇಲ್ಲ. ಮುದುಕಿಯ ಹಟ ಎಂದುಕೊಂಡರೂ ಸರಿಯೇ. ಓದು ಕಲಿಯುವ ಮಗುವಿಗೆ ತನ್ನ ಹೆಸರಿಗೇ ಬರುವ ಒಂದು ಕಾಗದ ಬೇಕು. ಪಠ್ಯಪುಸ್ತಕ ಊರಿಗೆಲ್ಲ ಬರೆದದ್ದು, ಅಪ್ಪನ ಕಾಗದ ಅವಳೊಬ್ಬಳಿಗೆ ಬರೆದದ್ದು. ಆದ್ದರಿಂದ ನನಗೆ ಬರೆಯುವಾಗ ಅವಳಿಗೂ ಒಂದು ಪುಟ ಬರೆದು ಹಾಕಿ. ತೀರ್ಥಹಳ್ಳಿಯಿಂದ ಮಧ್ಯಾಹ್ನ ಬರುವ ಬಸ್ಸಿನ ಕಂಡಕ್ಟರ್ ಕನ್ನಪ್ಪ ನನ್ನ ಹಳೇ ವಿದ್ಯಾರ್ಥಿ. ಅವನ ಕೈಗೆ ಕೊಟ್ಟರೆ ಅಂದೇ ನನಗೆ ಸಿಗುತ್ತದೆ. ಅವನು ಈಗಲೂ ನನಗೆ ಹೆದರುತ್ತಾನೆ.

ನಿಮ್ಮ ಮಗಳು ಮೊದಲ ದಿನ ಅರ್ಧ ಗಂಟೆ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ನಾಚಿಕೆ ಇರಬೇಕು ಎಂದುಕೊಂಡೆ. ಆಮೇಲೆ ಬಾಯಿ ಬಿಟ್ಟಳು. "ಟೀಚರ್, ಕನ್ನಡ್ಕದೊಳಗೆ ನಿಮ್ ಕಣ್ಣು ದೊಡ್ಡದಾಗ್ ಕಾಣ್ತದೆ. ಅಜ್ಜಿ ಕನ್ನಡ್ಕದಲ್ಲಿ ಅಜ್ಜಿ ಕಣ್ಣು ಸಣ್ಣ ಆಗ್ತದೆ. ಯಾಕೆ?" ಮಸೂರದ ಪಾಠವನ್ನು ಮೂವತ್ತೊಂದು ವರ್ಷ ಇದೇ ಕನ್ನಡಕ ಹಾಕಿಕೊಂಡು ಮಾಡಿದ್ದೇನೆ. ಒಬ್ಬರೂ ಕೇಳಿರಲಿಲ್ಲ. ಅವತ್ತು ನನಗೆ ಎಷ್ಟು ಸಂತೋಷವಾಯಿತೆಂದರೆ ಅಜ್ಜಿ ಮೊಮ್ಮಗಳಿಬ್ಬರನ್ನೂ ಊಟ ಮಾಡಿಸಿಯೇ ಕಳಿಸಿದೆ.

ಓದಿನಲ್ಲಿ ಸ್ವಲ್ಪ ಕೆಲಸ ಇದೆ. ಅದನ್ನು ನನಗೆ ಬಿಡಿ.

ವನಮಾಲಾ


ತೀರ್ಥಹಳ್ಳಿ
16 ಜುಲೈ 2024

ಇಂದ: ಹೂವಯ್ಯ, ಅಡುಗೆಯವರು, ಬಾಲಕರ ವಿದ್ಯಾರ್ಥಿನಿಲಯ, ತೀರ್ಥಹಳ್ಳಿ.
ಇವರಿಗೆ: ಶ್ರೀಮತಿ ವನಮಾಲಾ, ನಿವೃತ್ತ ಶಿಕ್ಷಕಿ, ಹೊಸನಗರ.
ವಿಷಯ: ಭವ್ಯಾಳ ಓದಿನ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಭವ್ಯಾಳ ತಾಯಿಯು ತೀರಿಕೊಂಡಿದ್ದು, ಬಾಲಕರ ನಿಲಯದಲ್ಲಿ ಹೆಣ್ಣುಮಗುವನ್ನು ಇರಿಸಿಕೊಳ್ಳಲು ಅವಕಾಶ ಇರುವುದಿಲ್ಲ. ನಮ್ಮ ಊರಿನ ಶಾಲೆಯು ಏಳನೇ ತರಗತಿಗೆ ಮುಗಿಯುತ್ತಿದ್ದು, ನನ್ನ ತಾಯಿಗೆ ವಯಸ್ಸಾಗಿರುತ್ತದೆ. ಆದ್ದರಿಂದ ಸಾಗರದ ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ದೊರೆಯುವುದು ಅತ್ಯವಶ್ಯಕವಾಗಿರುತ್ತದೆ. ತಾವು ದಯಮಾಡಿ ಸಹಕರಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹೂವಯ್ಯ

ಲಗತ್ತು: ಮಗಳಿಗೆ ಪತ್ರ, ಒಂದು ಪುಟ.

ಕುಮಾರಿ ಭವ್ಯಾ, ಐದನೇ ತರಗತಿ, ಇವರಿಗೆ.
ವಿಷಯ: ಶ್ರದ್ಧೆಯಿಂದ ಓದುವಂತೆ ಸೂಚಿಸುವ ಕುರಿತು.
ಸದರಿ ವಿಷಯವನ್ನು ಗಂಭೀರವಾಗಿ ಪರಿಗಣಿಸಿ, ಶಿಕ್ಷಕಿಯವರ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು.
ಹೂವಯ್ಯ (ತಂದೆ)


ಹೊಸನಗರ
3 ಸೆಪ್ಟೆಂಬರ್ 2024

ಹೂವಯ್ಯನವರಿಗೆ,

ನಿಮ್ಮ ಕಾಗದ ಓದಿ ನನಗೆ ಪಿಂಚಣಿ ಕಚೇರಿಯ ನೆನಪಾಯಿತು. ಮಗಳಿಗೂ ವಿಷಯ ಹಾಕಿ ಬರೆಯುವ ಅಪ್ಪನನ್ನು ನಾನು ಇದೇ ಮೊದಲು ಕಂಡದ್ದು. ನನಗೆ ಹೇಗಾದರೂ ಬರೆಯಿರಿ, ಅದು ನಿಮ್ಮ ಗತ್ತು. ಮಗುವಿಗೆ ಬರೆಯುವಾಗ ಮಾತ್ರ ಸ್ವಲ್ಪ ಅಪ್ಪನಾಗಿ ಬರೆಯಿರಿ. ಅವಳು ಆ ಪುಟವನ್ನು ಮಡಿಚಿ ಪುಸ್ತಕದೊಳಗಿಟ್ಟುಕೊಂಡಳು. ಓದು ಎಂದರೆ "ಮನೇಲಿ ಓದ್ತೀನಿ ಟೀಚರ್" ಎಂದಳು.

ವಿಜ್ಞಾನದಲ್ಲಿ ಅವಳನ್ನು ಹಿಡಿಯುವವರಿಲ್ಲ. ನಿಮ್ಮ ಬಗ್ಗೆಯೇ ಒಂದು ಪ್ರಶ್ನೆ ಕೇಳಿದ್ದಾಳೆ. ಅಜ್ಜಿ ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು ಇಡುತ್ತಾರಂತೆ. "ಅಪ್ಪ ಇನ್ನೂರು ಲೋಟ ಅಕ್ಕಿ ಹಾಕಿದ್ರೆ ಐನೂರು ಲೋಟ ನೀರು ಹಾಕ್ತಾರಾ?" ನಾನು ಲೆಕ್ಕ ಸರಿಯಾಗಿದೆ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. "ಅಪ್ಪನ್ನೇ ಕೇಳಿ" ಎಂದಳು. ಕೇಳಿದ್ದೇನೆ.

ಓದು ನಡೆಯುತ್ತಿದೆ. ಚಿಂತೆ ಬೇಡ.

ವನಮಾಲಾ


ತೀರ್ಥಹಳ್ಳಿ
12 ಸೆಪ್ಟೆಂಬರ್ 2024

ವಿಷಯ: ಭವ್ಯಾಳ ಓದಿನ ಬಗ್ಗೆ.
ಉಲ್ಲೇಖ: ತಮ್ಮ ಪತ್ರ, ದಿನಾಂಕ 3-9-2024.

ಮಾನ್ಯರೇ,

ಓದು ಸಮರ್ಪಕವಾಗಿ ನಡೆಯುತ್ತಿರುವುದನ್ನು ತಿಳಿದು ಹರ್ಷವಾಯಿತು. ಅರ್ಜಿ ಕರೆದ ಕೂಡಲೇ ಪ್ರವೇಶ ಪರೀಕ್ಷೆಗೆ ಅರ್ಜಿ ಸಲ್ಲಿಸಲಾಗುವುದು. ದೀಪಾವಳಿಗೆ ಎರಡು ದಿನ ರಜೆ ಮಂಜೂರಾಗಿದ್ದು, ಆ ಸಮಯದಲ್ಲಿ ತಮ್ಮ ಮನೆಗೆ ಆಗಮಿಸಿ, ಭವ್ಯಾಳು ಹೊಸ ಪುಸ್ತಕವೊಂದನ್ನು ಗಟ್ಟಿಯಾಗಿ ಓದುವುದನ್ನು ಖುದ್ದು ಆಲಿಸಲಿದ್ದೇನೆ. ಅನ್ನದ ನೀರಿನ ಪ್ರಶ್ನೆಯು ಪಠ್ಯಕ್ರಮದಲ್ಲಿ ಇಲ್ಲದ ಕಾರಣ ಸದ್ಯಕ್ಕೆ ಕೈಬಿಡಬಹುದಾಗಿದೆ.

ಹೂವಯ್ಯ


ಹೊಸನಗರ
20 ಅಕ್ಟೋಬರ್ 2024

ಹೂವಯ್ಯನವರಿಗೆ,

ದೀಪಾವಳಿಗೆ ನೀವು ಬರುವ ಮೊದಲೇ ಇದನ್ನು ಬರೆಯದಿದ್ದರೆ ನಾನು ಟೀಚರ್ ಅನ್ನಿಸಿಕೊಳ್ಳಲು ಲಾಯಕ್ಕಲ್ಲ. ಭವ್ಯಾಳಿಗೆ ಓದಲು ಬರುವುದಿಲ್ಲ.

ಮೊದಲ ವಾರವೇ ನನಗೆ ಗೊತ್ತಾಗಿತ್ತು. ಪಾಠ ಓದು ಎಂದರೆ ಗಡಗಡ ಓದಿದಳು. ಬೆರಳು ಸಾಲಿನ ಕೆಳಗೆ ಓಡುತ್ತಲೇ ಇತ್ತು. ಆದರೆ ಬೆರಳು ಮೂರನೇ ಸಾಲಿನಲ್ಲಿದ್ದಾಗ ಬಾಯಿ ಏಳನೇ ಸಾಲಿನಲ್ಲಿತ್ತು. ಇಡೀ ಪುಸ್ತಕ ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದಾಳೆ. ಬೇರೆ ಪುಸ್ತಕ ಕೊಟ್ಟೆ. ಒಂದು ಪದಕ್ಕೆ ಬೆವತುಹೋದಳು. ಸಾಲು ಜಾರಿಹೋಗುತ್ತದಂತೆ, ಮೇಲಿನ ಅಕ್ಷರ ಕೆಳಗಿನದರ ಮೇಲೆ ಬೀಳುತ್ತದಂತೆ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಕಣ್ಣು ಸರಿಯಾಗಿದೆ ಎಂದರು. ನೀವು ಕಳಿಸಿದ ಪುಟವನ್ನೂ ಅವಳು ಇವತ್ತಿನವರೆಗೆ ಓದಿಲ್ಲ.

ಗುತ್ಯಮ್ಮ "ಮಗಂಗೆ ಹೇಳ್ಬೇಡಿ ಅಮ್ಮ, ಎದೆ ಒಡ್ಕೊಂತಾನೆ" ಎಂದರು. ನಾನು ಅವರ ಸೆರಗಿನ ಹಿಂದೆ ಅಡಗಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಜಂಬವೇ ಕಾರಣ. ಮೂರು ತಿಂಗಳಲ್ಲಿ ಸರಿಮಾಡಿ ಬಿಡುತ್ತೇನೆ, ಇವರಿಗೆ ತಿಳಿಯುವುದೇ ಬೇಡ ಎಂದುಕೊಂಡಿದ್ದೆ. ಮರಳಿನ ಮೇಲೆ ಬರೆಸಿದೆ, ಅಕ್ಷರಕ್ಕೊಂದು ಬಣ್ಣ ಹಾಕಿಸಿದೆ. ಏನೂ ಆಗಲಿಲ್ಲ. ನನಗೆ ದಾರಿ ಕಾಣುತ್ತಿಲ್ಲ.

ಬಂದಾಗ ದಯವಿಟ್ಟು ಅವಳನ್ನು ಗದರಬೇಡಿ. ನಿಮ್ಮ ಕಾಗದದ ಧಾಟಿ ನೋಡಿದರೆ ನೀವು ಬಹಳ ಶಿಸ್ತಿನವರು ಎಂದು ಕಾಣುತ್ತದೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ವನಮಾಲಾ


ತೀರ್ಥಹಳ್ಳಿ
26 ಅಕ್ಟೋಬರ್ 2024

ಟೀಚರಮ್ಮನವರಿಗೆ,

ಈ ಕಾಗದ ನಾನೇ ಬರೆದದ್ದು. ಹಿಂದಿನದೆಲ್ಲ ನಮ್ಮ ವಾರ್ಡನ್ ಉಮಾಮಹೇಶ್ವರ ಸಾರ್ ಬರೆದದ್ದು. ನಾನು ಬಾಯಲ್ಲಿ ಹೇಳ್ತಿದ್ದೆ. ಅವರು ಆಫೀಸಿನ ಥರ ಬರೀತಿದ್ದರು. ಟೀಚರಿಗೆ ಬರೆಯೋದು ಹಾಗೇ ಇರಬೇಕು ಅಂದುಕೊಂಡೆ. ನಿಮ್ಮ ಕಾಗದವನ್ನೂ ಅವರೇ ಓದಿ ಹೇಳ್ತಿದ್ದರು. ಈ ಸಲದ್ದು ನಾನೇ ಓದಿದೆ. ಎರಡು ದಿನ ಆಯ್ತು. ಇದನ್ನು ಬರೆಯೋದಕ್ಕೆ ಮೂರು ದಿನ.

ನನಗೆ ಸಿಟ್ಟು ಬಂದಿದೆ. ನೀವು ಮೊದಲೇ ಹೇಳಬೇಕಿತ್ತು. ಸಿಟ್ಟು ಬಂದದ್ದನ್ನೂ ಬರೀತೀನಿ. ಮುಚ್ಚಿಟ್ಟು ಮುಚ್ಚಿಟ್ಟು ಇಲ್ಲೀ ತನಕ ಬಂತು.

ಅವಳು ಮಾಡಿದ್ದು ನಾನು ಮಾಡಿದ್ದೇ. ನಾನೂ ಬಾಯಿಪಾಠ ಮಾಡ್ತಿದ್ದೆ. ನಾನೂ ಬೆರಳು ಓಡಿಸ್ತಿದ್ದೆ. ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು ಹಿಡಿದರು. ಎಲ್ಲರ ಮುಂದೆ ಹೊಡೆದರು. ಆಮೇಲೆ ನಾನು ಶಾಲೆಗೆ ಹೋಗಲಿಲ್ಲ. ನನಗೂ ಸಾಲು ಜಾರ್ತದೆ. ನಾನು ದಡ್ಡ ಅಂದುಕೊಂಡಿದ್ದೆ. ವಿಜ್ಞಾನದಲ್ಲಿ ಅವಳನ್ನು ಹಿಡಿಯೋರಿಲ್ಲ ಅಂತ ನೀವೇ ಬರೆದಿದ್ದೀರಿ. ಅವಳು ದಡ್ಡಿ ಅಲ್ಲ. ಹಾಗಾದರೆ ನಾನೂ ಅಲ್ಲವಾ ಅಂತ ಮೊನ್ನೆಯಿಂದ ಯೋಚನೆ ಮಾಡ್ತಾ ಇದ್ದೀನಿ.

ಇದರ ಜೊತೆ ಒಂದು ರಟ್ಟು ಇಟ್ಟಿದ್ದೀನಿ. ಊದುಬತ್ತಿ ಪೊಟ್ಟಣದ್ದು. ನಡುವೆ ಒಂದು ಸೀಳು ಇದೆ. ಅದನ್ನು ಸಾಲಿನ ಮೇಲಿಟ್ಟರೆ ಒಂದು ಪದ ಮಾತ್ರ ಕಾಣ್ತದೆ. ಉಳಿದದ್ದು ಮುಚ್ಚಿರ್ತದೆ. ಹಾಗೇ ಸರಿಸಬೇಕು. ಸ್ಟೋರ್ ರೂಮಿನ ಚೀಟಿ ಎಲ್ಲ ನಾನು ಹೀಗೇ ಓದೋದು. ಹನ್ನೆರಡು ವರ್ಷದಿಂದ ಅಂಗಿ ಜೇಬಲ್ಲಿ ಇಟ್ಟುಕೊಂಡಿದ್ದೆ. ಯಾರಿಗೂ ತೋರಿಸಿಲ್ಲ. ಅವಳಿಗೆ ಕೊಡಿ.

ಅನ್ನದ ಮಾತು. ಐನೂರು ಲೋಟ ಹಾಕಿದರೆ ಅನ್ನ ಗಂಜಿ ಆಗ್ತದೆ. ಇನ್ನೂರಕ್ಕೆ ಮುನ್ನೂರ ಅರವತ್ತು ಸಾಕು. ಯಾಕೆ ಅಂದರೆ ನೀರು ಹಬೆಯಾಗಿ ಹೋಗೋದು ತಪ್ಪಲೆಯ ಬಾಯಿಂದ. ಅಕ್ಕಿ ಇನ್ನೂರು ಪಟ್ಟು ಆದರೂ ತಪ್ಪಲೆಯ ಬಾಯಿ ಇನ್ನೂರು ಪಟ್ಟು ಆಗಲ್ಲ. ಇದು ನಾನು ಕೆಲಸಕ್ಕೆ ಸೇರಿದ ವರ್ಷ ಮೂರು ದಿನ ಗಂಜಿ ಮಾಡಿ ಬೈಸಿಕೊಂಡು ಕಲಿತದ್ದು.

ನೀವು ಅವಳಿಗೆ ಹೊಡೆಯಲಿಲ್ಲ. ನಾನು ಗದರಲ್ಲ.

ಹೂವಯ್ಯ


ಹೊಸನಗರ
22 ಡಿಸೆಂಬರ್ 2024

ಹೂವಯ್ಯನವರಿಗೆ,

ದೀಪಾವಳಿಗೆ ನೀವು ಬಂದು ಹೋದ ಮೇಲೆ ಬರೆಯಲು ಇಷ್ಟು ದಿನ ತೆಗೆದುಕೊಂಡೆ. ಭವ್ಯಾ ಅವತ್ತು ರಟ್ಟು ಸರಿಸುತ್ತಾ ನಾಲ್ಕು ಸಾಲು ಓದಿದಳು. ಇಪ್ಪತ್ತು ನಿಮಿಷ ಹಿಡಿಯಿತು. ನೀವು ತಲೆ ಎತ್ತದೆ ನೆಲ ನೋಡುತ್ತಾ ಕೂತಿದ್ದಿರಿ, ಕಾಫಿ ಆರಿಹೋಯಿತು, ಒಂದು ಮಾತೂ ಆಡದೆ ಎದ್ದು ಹೋದಿರಿ. ನಿಮಗೆ ನಿರಾಶೆಯಾಯಿತು ಎಂದುಕೊಂಡು ಎರಡು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಗುತ್ಯಮ್ಮ ಹೇಳಿದರು: "ಬಸ್‌ಸ್ಟ್ಯಾಂಡ್ ತನ್ಕ ಅತ್ಕೊಂಡೇ ಹೋದ ಅಮ್ಮ. ಖುಷೀಗೆ." ನೀವಾದರೂ ಒಂದು ಮಾತು ಹೇಳಬಾರದಿತ್ತೇ?

ಈಗ ಅವಳು ಓದುವುದು ದೀಪಾವಳಿಯಿಂದ ಈಚೆಗೆ ನೀವು ಅವಳಿಗೆ ಬರೆಯುತ್ತಿರುವ ಕಾಗದಗಳನ್ನೇ. ಅಕ್ಷರ ದೊಡ್ಡದು, ಸಾಲುಗಳ ನಡುವೆ ಜಾಗ ಇದೆ, ವಾಕ್ಯ ಚಿಕ್ಕದು, ಒಂದು ಮಾತೂ ಹೆಚ್ಚಿಲ್ಲ. ಇಂಥ ಪಾಠ ಎಲ್ಲಿಯಾದರೂ ಸಿಕ್ಕೀತೇ ಎಂದು ನಾಲ್ಕು ತಿಂಗಳು ಹುಡುಕಿದೆ. ನನ್ನ ಕಪಾಟಿನಲ್ಲಿ ಇರಲಿಲ್ಲ, ನಿಮ್ಮ ಅಡುಗೆಮನೆಯಲ್ಲಿತ್ತು.

ತಪ್ಪಲೆಯ ಬಾಯಿಯ ಮಾತನ್ನು ನಾನು ಮೂರು ಸಲ ಓದಿದೆ. ಕಾಲೇಜಿನಲ್ಲಿ ಸೂತ್ರ ಬರೆದು ಕಲಿತ ವಿಷಯವನ್ನು ನೀವು ಗಂಜಿಯಿಂದ ಕಲಿತು ಎರಡು ಸಾಲಿನಲ್ಲಿ ಹೇಳಿದ್ದೀರಿ. ಲೆಕ್ಕ ಸರಿ ಎಂದು ಹೇಳಿ ನಾನು ಮಗುವಿನ ಮುಂದೆ ಮೂರ್ಖಳಾದೆ. ಆಗಬೇಕಾದ್ದೇ.

ಅದು ಸಾಲದು ಎಂಬಂತೆ ಮತ್ತೊಂದು. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳಿಗೆ ಗುರುತು ಹಾಕಿಸುತ್ತಿದ್ದೇನೆ. ಸರಿಯಾಗಿ ಹನ್ನೆರಡಕ್ಕೆ ನೆರಳು ಎಲ್ಲಕ್ಕಿಂತ ಗಿಡ್ಡವಾಗಿರುತ್ತದೆ ಎಂದು ಹೇಳಿಕೊಟ್ಟಿದ್ದೆ. ಹೋದ ಭಾನುವಾರ ಅವಳು ಹನ್ನೆರಡು ಹೊಡೆದ ಮೇಲೂ ಬಿಸಿಲಿನಿಂದ ಏಳಲಿಲ್ಲ. "ಇನ್ನೂ ಗಿಡ್ಡ ಆಗ್ತಾ ಇದೆ ಟೀಚರ್. ಹನ್ನೆರಡೂವರೆ ತನ್ಕ ಆಯ್ತು. ಆಮೇಲೆ ಉದ್ದ ಆಗೋಕೆ ಶುರು." ನಾನು ಗಡಿಯಾರ ನೋಡಿದೆ, ಕೋಲು ನೆಟ್ಟಗಿದೆಯೇ ನೋಡಿದೆ, ಆಮೇಲೆ ಒಳಗೆ ಹೋಗಿ ಹಳೇ ಪುಸ್ತಕ ತೆಗೆದೆ. ನಮ್ಮ ಗಡಿಯಾರ ದೇಶದ ಇನ್ನೊಂದು ಕಡೆಯ ಸೂರ್ಯನಿಗೆ ಹೊಂದಿಸಿದ್ದು, ಹೊಸನಗರಕ್ಕೆ ಸೂರ್ಯ ಅರ್ಧ ಗಂಟೆ ತಡ. ಗೊತ್ತಿದ್ದೂ ನಾನು ಎಂದೂ ಬಿಸಿಲಲ್ಲಿ ನಿಂತು ನೋಡಿರಲಿಲ್ಲ. ಸಾವಿರಾರು ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೇನೆ. ಕನ್ನಪ್ಪನನ್ನು ಬಸ್ಸಿನಿಂದ ಇಳಿಸಿ ತಿದ್ದಿ ಹೇಳಿದೆ. ಪ್ರಯಾಣಿಕರೆಲ್ಲ ನೋಡುತ್ತಿದ್ದರು.

ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇಲ್ಲ. ಅವಳ ಓದು ಇನ್ನೂ ನಿಧಾನ. ಈ ಸಲ ಏನನ್ನೂ ಮುಚ್ಚಿಡುವುದಿಲ್ಲ: ಸೀಟು ಸಿಗುವುದು ಕಷ್ಟ. ಆದರೂ ಬರೆಯಲಿ.

ವನಮಾಲಾ


ತೀರ್ಥಹಳ್ಳಿ
10 ಜನವರಿ 2025

ಭವ್ಯಾ ಮಗಾ,

ನಿನ್ನೆ ಈರುಳ್ಳಿ ಹೆಚ್ಚಿದೆ. ಹತ್ತು ಕಿಲೋ. ಕಣ್ಣೀರು ಬಂತು. ಇವತ್ತು ಮೊದಲು ನೀರಲ್ಲಿ ಹಾಕಿಟ್ಟೆ. ಆಮೇಲೆ ಹೆಚ್ಚಿದೆ. ಕಣ್ಣೀರು ಕಡಿಮೆ ಬಂತು. ಯಾಕೆ?

ಟೀಚರನ್ನು ಕೇಳಬೇಡ. ನೀನೇ ಹೆಚ್ಚಿ ನೋಡು. ಅಜ್ಜಿ ಹತ್ತಿರ ಚಾಕು ಕೇಳು. ಬೆರಳು ಜೋಪಾನ. ನೋಡಿದ್ದನ್ನು ಬರಿ. ತಪ್ಪಾದರೂ ಬರಿ. ನಾನೂ ತಪ್ಪು ತಪ್ಪೇ ಬರೀತೀನಿ.

ಪರೀಕ್ಷೆಗೆ ಹೆದರಬೇಡ. ನಾನು ಹೆದರಿ ಶಾಲೆ ಬಿಟ್ಟೆ. ನೀನು ಬಿಡಬೇಡ.

ಅಪ್ಪ


ಹೊಸನಗರ
17 ಫೆಬ್ರವರಿ 2025

ಹೂವಯ್ಯನವರಿಗೆ,

ನಿನ್ನೆ ಸಾಗರಕ್ಕೆ ನಾನೇ ಭವ್ಯಾಳನ್ನು ಕರೆದುಕೊಂಡು ಹೋಗಿದ್ದೆ. ನೂರು ಪ್ರಶ್ನೆ, ಎರಡು ಗಂಟೆ. ಗೇಟಿನ ಹೊರಗೆ ನಿಂತ ತಂದೆತಾಯಿಗಳ ನಡುವೆ ಎಲ್ಲರಿಗಿಂತ ಹೆಚ್ಚು ಚಡಪಡಿಸಿದವಳು ನಾನೇ ಇರಬೇಕು. ಪಕ್ಕದಲ್ಲಿದ್ದವರು ಮೊಮ್ಮಗಳಾ ಎಂದು ಕೇಳಿದರು. ಹೌದು ಎಂದೆ. ಇದನ್ನು ಗುತ್ಯಮ್ಮನಿಗೆ ಹೇಳಬೇಡಿ.

ಒಳಗೆ ರಟ್ಟು ಇಟ್ಟುಕೊಳ್ಳಲು ಬಿಡಲಿಲ್ಲ. ಪ್ರಶ್ನೆಪತ್ರಿಕೆ ಬಿಟ್ಟು ಬೇರೆ ಕಾಗದ ಇರಬಾರದೆಂಬ ನಿಯಮ. ಭವ್ಯಾ ಎರಡು ಅಂಗೈಗಳನ್ನು ಸಾಲಿನ ಮೇಲೆ ಕೆಳಗೆ ಇಟ್ಟುಕೊಂಡು ಓದಿದಳಂತೆ. ಅರವತ್ತೊಂದು ಪ್ರಶ್ನೆಗೆ ಗಂಟೆ ಹೊಡೆಯಿತು. ಉತ್ತರಗಳೆಲ್ಲ ಅವಳಿಗೆ ನೆನಪಿವೆ, ಆ ತಲೆಯ ವಿಷಯ ನಿಮಗೆ ಗೊತ್ತಲ್ಲ. ನಾನು ತಾಳೆ ನೋಡಿದೆ. ಅರವತ್ತೊಂದರಲ್ಲಿ ಐವತ್ತೆಂಟು ಸರಿ.

ಉಳಿದ ಮೂವತ್ತೊಂಬತ್ತಕ್ಕೆ ಸುಮ್ಮನೆ ಗುರುತು ಹಾಕಿ ಬಂದಿದ್ದರೂ ಒಂಬತ್ತು ಹತ್ತು ಸರಿಯಾಗುತ್ತಿದ್ದವು. ತಪ್ಪಿಗೆ ಅಂಕ ಕಳೆಯುವುದಿಲ್ಲ ಎಂದು ಬಸ್ಸಿನಲ್ಲಿ ಮೂರು ಸಲ ಹೇಳಿದ್ದೆ. ಯಾಕೆ ಹಾಕಲಿಲ್ಲ ಎಂದು ರೇಗಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಓದದೇ ಇರೋದ್ಕೆ ಉತ್ರ ಹೆಂಗ್ ಹಾಕ್ಲಿ ಟೀಚರ್? ಸುಳ್ಳಾಗ್ತದೆ."

ಹಿಂತಿರುಗಿ ಬರುವಾಗ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಹೂವಯ್ಯನವರೇ, ನಾನು ಬಹಳ ಬುದ್ಧಿವಂತ ಮಕ್ಕಳಿಗೆ ಪಾಠ ಮಾಡಿದ್ದೇನೆ. ಈ ಮಗುವಿನಷ್ಟು ಗೌರವ ಯಾರ ಮೇಲೂ ಬಂದಿರಲಿಲ್ಲ.

ವನಮಾಲಾ


ಹೊಸನಗರ
27 ಏಪ್ರಿಲ್ 2025

ಹೂವಯ್ಯನವರಿಗೆ,

ಪಟ್ಟಿ ಬಂದಿದೆ. ಎರಡನೇ ಪಟ್ಟಿಯನ್ನೂ ನೋಡಿಸಿದೆ. ಭವ್ಯಾಳ ಹೆಸರು ಇಲ್ಲ. ಸಾಗರದ ಸೀಟು ಕೈತಪ್ಪಿತು.

ಮೂರು ದಿನದಿಂದ ಈ ಕಾಗದ ಬರೆಯುತ್ತಿದ್ದೇನೆ. ನಿಮಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ, ನೇರವಾಗಿ ಬರೆದುಬಿಟ್ಟೆ. ಮೊದಲ ವಾರವೇ ನಿಮಗೆ ತಿಳಿಸಿದ್ದರೆ ಜುಲೈಯಲ್ಲೇ ನಿಮ್ಮ ರಟ್ಟು ಬರುತ್ತಿತ್ತು. ನಾಲ್ಕು ತಿಂಗಳು ನನ್ನ ಜಂಬಕ್ಕೆ ಹೋಯಿತು. ಆ ನಾಲ್ಕು ತಿಂಗಳು ಸಿಕ್ಕಿದ್ದರೆ ಅವಳು ನೂರನ್ನೂ ಓದುತ್ತಿದ್ದಳು. ಇದಕ್ಕೆ ನೀವು ಕ್ಷಮಿಸಿದರೂ ನಾನು ನನ್ನನ್ನು ಕ್ಷಮಿಸಿಕೊಳ್ಳುವುದಿಲ್ಲ.

ಮುಂದಿನದು ಹೇಳುತ್ತೇನೆ. ಊರಿನ ಶಾಲೆಯಲ್ಲಿ ಇನ್ನೆರಡು ವರ್ಷ ಇದೆ. ಶನಿವಾರ, ಭಾನುವಾರದ ಪಾಠ ನಡೆಯುತ್ತದೆ. ಆಮೇಲೆ ಹೈಸ್ಕೂಲಿಗೆ ಅವಳು ನನ್ನ ಮನೆಯಲ್ಲಿ ಇರಲಿ. ಗುತ್ಯಮ್ಮನೂ ಬರಲಿ, ಕೋಣೆ ಖಾಲಿ ಇದೆ. ಇದು ಉಪಕಾರವಲ್ಲ. ಶನಿವಾರ ಯಾವಾಗ ಬರುತ್ತದೆಂದು ಕಾಯುವವಳು ನಾನು.

ಒಂದು ಬೇಡಿಕೆ. ಭವ್ಯಾಳಿಗೆ ಈಗಲೇ ಹೇಳುವುದು ಬೇಡ. ರಜೆ ಮುಗಿಯಲಿ, ಶಾಲೆ ಶುರುವಾದ ಮೇಲೆ ನಾನೇ ಕೂರಿಸಿಕೊಂಡು ಹೇಳುತ್ತೇನೆ. ಈಗ ತಾನೇ ಓದಿನ ರುಚಿ ಹತ್ತಿದೆ. ಇದನ್ನು ಕೇಳಿದರೆ ಪುಸ್ತಕ ಮುಚ್ಚಿಬಿಡುತ್ತಾಳೆ ಎಂದು ನನಗೆ ಹೆದರಿಕೆ. ಮುಚ್ಚಿಡುವುದು ತಪ್ಪು ಎಂದು ನೀವೇ ಬರೆದಿದ್ದಿರಿ. ಇದೊಂದು ಸಲ ಒಪ್ಪಿಕೊಳ್ಳಿ.

ಅವಳು ಈಗ ಬಂದಳು, ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದಾಳೆ. ಬಿಸಿಲಲ್ಲಿ ನಡೆದು ಬಂದಿದ್ದಾಳೆ, ಒಂದು ಲೋಟ ಪಾನಕ ಮಾಡಿಕೊಟ್ಟು ಬಂದು ಕವರಿಗೆ ಹಾಕುತ್ತೇನೆ.

ವನಮಾಲಾ


ಅಪ್ಪಾ,

ನಾನು ಭವ್ಯಾ. ಪೆನ್ಸಿಲ್ಲಲ್ಲಿ ಬರೀತಾ ಇದ್ದೀನಿ. ಟೀಚರ್ ಒಳಗೆ ನಿಂಬೆಹಣ್ಣು ಹುಡುಕ್ತಾ ಇದ್ದಾರೆ. ಕಾಗದ ಮೇಜಿನ ಮೇಲೆ ಇತ್ತು. ನಿನಗೆ ಬರೆದದ್ದು ಅಂತ ಗೊತ್ತಿತ್ತು. ಆದರೂ ಓದಿದೆ. ಎಲ್ಲಾ ಓದಿದೆ. ಯಾರೂ ಹೇಳಿಕೊಡಲಿಲ್ಲ.

ಸೀಟು ಸಿಗಲಿಲ್ಲ ಅಂತ ಇದೆ. ಸ್ವಲ್ಪ ಅಳು ಬಂತು. ಆಮೇಲೆ ಮುಂದಕ್ಕೆ ಓದಿದೆ.

ನಾನು ಓದಿದ್ದು ಟೀಚರಿಗೆ ಹೇಳಬೇಡ. ಅವರಿಗೆ ಬೇಜಾರಾಗ್ತದೆ. ಎರಡೂ ಕಾಗದ ಕವರಿಗೆ ಹಾಕಿ ನಾನೇ ಅಂಟು ಹಾಕ್ತೀನಿ. ಕನ್ನಪ್ಪಣ್ಣನ ಬಸ್ಸಿಗೆ ನಾನೇ ಕೊಡ್ತೀನಿ. ಶಾಲೆ ಶುರುವಾದ ಮೇಲೆ ಟೀಚರ್ ನನ್ನ ಕೂರಿಸಿಕೊಂಡು ಹೇಳ್ತಾರಂತೆ. ಅಲ್ಲೀ ತನಕ ನನಗೆ ಗೊತ್ತಿಲ್ಲ.